ಬೆಸುಗೆ ಇಲ್ಲದೆ ರಿಬ್ಬನ್ ಕೇಬಲ್ ಜೋಡಣೆ: ಮೈಕ್ರೊಕಂಟ್ರೋಲರ್ ಹವ್ಯಾಸಿಗಳಿಗೆ ಸಮಗ್ರ ಮಾರ್ಗದರ್ಶಿ

ಬೆಸುಗೆ ಹಾಕದ ಜೋಡಣೆ ಎಂದರೆ ತಾತ್ಕಾಲಿಕ, ಇಂದೋ ನಾಳೆಯೋ ಕಳಚಿಕೊಳ್ಳುವಂಥದ್ದು ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಬೇರೂರಿದೆ. ಹಲವು ತಂತಿಗಳು ಅಕ್ಕಪಕ್ಕ ಅಂಟಿಕೊಂಡು ಪಟ್ಟಿಯಂತಿರುವ ರಿಬ್ಬನ್ ಕೇಬಲ್‌ನ ಮಟ್ಟಿಗೆ ಇದು ನಿಜವಲ್ಲ. ಇದರ ಒಂದೊಂದು ತಂತಿಯಲ್ಲಿಯೂ ಸಾಮಾನ್ಯವಾಗಿ ಕೂದಲಿನಷ್ಟು ತೆಳುವಾದ ಏಳು ತಾಮ್ರದ ಎಳೆಗಳಿರುತ್ತವೆ. ಅದಕ್ಕೆ ಸೋಲ್ಡರಿಂಗ್ ಐರನ್ ತಾಗಿಸಿದ ಕೂಡಲೇ ಪ್ಲಾಸ್ಟಿಕ್ ಹೊದಿಕೆ ಕರಗಿ ಹಿಂದೆ ಸರಿಯುತ್ತದೆ, ಪಕ್ಕದ ತಂತಿಯ ತಾಮ್ರವೂ ಬಯಲಾಗುತ್ತದೆ. ಕರಗಿದ ಬೆಸುಗೆ ಲೋಹ ಎಳೆಗಳ ನಡುವೆ ಮೇಲೇರಿ ತಂತಿಯನ್ನು ಗಡುಸಾಗಿಸುತ್ತದೆ. ಗಡುಸು ಮುಗಿದು ಮೆದು ಭಾಗ ಆರಂಭವಾಗುವ ಜಾಗದಲ್ಲಿ ನಾಲ್ಕು ಸಲ ಬಾಗಿದರೆ ತಂತಿ ತುಂಡಾಗುತ್ತದೆ. ಸರಿಯಾಗಿ ಒತ್ತಿ ಕೂರಿಸಿದ ಕನೆಕ್ಟರ್‌ಗೆ ಈ ಯಾವ ತೊಂದರೆಯೂ ಇಲ್ಲ.

ಮುಂಬೈಯಲ್ಲಿ ಇರುವ ನಮಗೆ ಇನ್ನೂ ಒಂದು ಕಾರಣವಿದೆ. ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರದಲ್ಲಿ 350 ಡಿಗ್ರಿ ಕಾದ ಐರನ್ ಇಡಲು ಪ್ರತ್ಯೇಕ ಮೇಜು ಎಲ್ಲಿಂದ ಬರಬೇಕು? ಊಟದ ಮೇಜೇ ಓದುವ ಮೇಜು, ಅದೇ ಪ್ರಯೋಗದ ಮೇಜು. ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡ ಮನೆಗಳಲ್ಲಿ ಶಾಲಾ ಮಕ್ಕಳು ಆರ್ಡ್ವಿನೊ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡು ಹಿಡಿದು ಕುಳಿತಿರುವುದನ್ನು ನೋಡುತ್ತಿದ್ದೇನೆ. ಅವರ ಕೈಗೆ ಐರನ್ ಕೊಡಲು ತಾಯ್ತಂದೆಯರು ಹಿಂಜರಿಯುವುದು ಸಹಜ. ಆ ಹಿಂಜರಿಕೆಯಿಂದ ಪ್ರಯೋಗ ನಿಲ್ಲಬೇಕಾಗಿಲ್ಲ ಎಂದು ತೋರಿಸಲು ಇದನ್ನು ಬರೆಯುತ್ತಿದ್ದೇನೆ.

ಕೈಯಲ್ಲಿರುವುದು ಯಾವ ಕೇಬಲ್?

ರಿಬ್ಬನ್ ಕೇಬಲ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಯಾವುದು ಎಂದು ಗುರುತಿಸದೆ ಕನೆಕ್ಟರ್ ಕೊಂಡರೆ ಹಣ ದಂಡ.

ಮೊದಲನೆಯದು ಬೂದು ಬಣ್ಣದ ಚಪ್ಪಟೆ ಕೇಬಲ್; ಕಾಮನಬಿಲ್ಲಿನ ಬಣ್ಣಗಳಲ್ಲಿಯೂ ಬರುತ್ತದೆ. ಅಂಗಡಿಗಳಲ್ಲಿ ಇದಕ್ಕೆ ಎಫ್‌ಆರ್‌ಸಿ (ಫ್ಲಾಟ್ ರಿಬ್ಬನ್ ಕೇಬಲ್) ಎನ್ನುತ್ತಾರೆ. ಒಂದು ತಂತಿಯ ನಡುವಿನಿಂದ ಮುಂದಿನ ತಂತಿಯ ನಡುವಿಗೆ 1.27 ಮಿ.ಮೀ. ಅಂತರ. ಹೀಗಾಗಿ ಹತ್ತು ತಂತಿಯ ಕೇಬಲ್ ಸುಮಾರು 12.7 ಮಿ.ಮೀ. ಅಗಲ, ಹದಿನಾರರದ್ದು ಸುಮಾರು 20, ನಲವತ್ತರದ್ದು ಸುಮಾರು 51 ಮಿ.ಮೀ. ಅಳತೆಪಟ್ಟಿ ಇಟ್ಟು ನೋಡಿದರೆ ಎಣಿಸುವ ಕೆಲಸ ತಪ್ಪುತ್ತದೆ. ತಂತಿಯ ದಪ್ಪ ಹೆಚ್ಚಾಗಿ 28 ಗೇಜ್ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು). ಬೂದು ಕೇಬಲ್‌ನ ಒಂದು ಅಂಚಿಗೆ ಕೆಂಪು ಗೆರೆ ಇರುತ್ತದೆ. ಅದು ಒಂದನೆಯ ತಂತಿ.

ಎರಡನೆಯದು ಜಂಪರ್ ರಿಬ್ಬನ್. ನಲವತ್ತು ಬಣ್ಣದ ತಂತಿಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಪ್ರತಿ ತಂತಿಯ ತುದಿಯಲ್ಲಿ ಒಂದೊಂದು ಕಪ್ಪು ಪ್ಲಾಸ್ಟಿಕ್ ಕವಚ. ಬೇಕಾದಷ್ಟನ್ನು ಸುಲಿದುಕೊಳ್ಳಬಹುದು.

ಮೂರನೆಯದು ಕಾಗದದಂತೆ ತೆಳ್ಳಗಿರುವ, ತುದಿಯಲ್ಲಿ ತಾಮ್ರದ ಪಟ್ಟಿಗಳು ಕಾಣುವ ಎಫ್‌ಎಫ್‌ಸಿ (ಫ್ಲೆಕ್ಸಿಬಲ್ ಫ್ಲಾಟ್ ಕೇಬಲ್). ಕ್ಯಾಮೆರಾ, ಡಿಸ್‌ಪ್ಲೇಗಳಲ್ಲಿ ಇರುವುದು ಇದು. ಇದರ ದಾರಿಯೇ ಬೇರೆ, ಮುಂದೆ ಹೇಳುತ್ತೇನೆ.

ಬೋರ್ಡಿನ ಕಡೆಯಿಂದ ಯೋಚಿಸಿ

ಹೆಚ್ಚಿನವರು ಮೊದಲು ಕೇಬಲ್ ಕೊಂಡು, ಆಮೇಲೆ ಅದನ್ನು ಬೋರ್ಡಿಗೆ ಹೇಗೆ ಹೊಂದಿಸುವುದೆಂದು ತಲೆ ಕೆರೆದುಕೊಳ್ಳುತ್ತಾರೆ. ಬೋರ್ಡಿನಲ್ಲಿ ಏನಿದೆ ಎಂದು ನೋಡಿಕೊಂಡ ಮೇಲೆಯೇ ಅಂಗಡಿಗೆ ಹೋಗಿ.

ಆರ್ಡ್ವಿನೊ ಊನೊದಲ್ಲಿ ಒಂದೇ ಸಾಲಿನ ರಂಧ್ರಗಳಿವೆ, ರಂಧ್ರದಿಂದ ರಂಧ್ರಕ್ಕೆ 2.54 ಮಿ.ಮೀ. ಆದರೆ 7 ಮತ್ತು 8ನೆಯ ಡಿಜಿಟಲ್ ಪಿನ್‌ಗಳ ನಡುವೆ ಮಾತ್ರ ಅಂತರ ಸುಮಾರು 4.06 ಮಿ.ಮೀ. ಆರಂಭದಿಂದಲೂ ಬಂದಿರುವ ಈ ವಿಚಿತ್ರ ಅಂತರ ಅನೇಕ ಜೋಡಣೆಗಳನ್ನು ಕೆಡಿಸುತ್ತದೆ. ಆರ್ಡ್ವಿನೊ ಮೆಗಾದ ಒಂದು ತುದಿಯಲ್ಲಿ ಎರಡು ಸಾಲಿನ 36 ರಂಧ್ರಗಳಿವೆ. ರಿಬ್ಬನ್ ಕೇಬಲ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಇಎಸ್‌ಪಿ32 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪಿನ್‌ಗಳನ್ನು ಮೊದಲೇ ಕೂರಿಸಿರುತ್ತಾರೆ. ರಾಸ್ಪ್‌ಬೆರಿ ಪೈ ಪಿಕೊ ಬರಿಯ ರಂಧ್ರಗಳೊಂದಿಗೆ ಬರುತ್ತದೆ. ಬೆಸುಗೆ ಬೇಡವೆನ್ನುವವರು ಪಿನ್ ಕೂರಿಸಿದ ಪಿಕೊ ಎಚ್ ಅಥವಾ ವೈಫೈ ಇರುವ ಪಿಕೊ ಡಬ್ಲ್ಯೂಎಚ್ ಕೇಳಿ ಪಡೆಯಬೇಕು. ಬೆಲೆಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಕೊಡಿ. ಬರಿಯ ರಂಧ್ರಕ್ಕೆ ಪಿನ್ ತೂರಿಸಿ, ಓರೆಯಾಗಿ ಒತ್ತಿಹಿಡಿದು ಕೆಲಸ ಮಾಡಿಸುವ ಉಪಾಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಅದು ಸಂಪರ್ಕವೇ ಅಲ್ಲ, ಮುಟ್ಟಾಟ ಅಷ್ಟೆ.

ಎಫ್‌ಆರ್‌ಸಿ ಕನೆಕ್ಟರ್ ಎಂದರೆ ಸಾಮಾನ್ಯವಾಗಿ ಎರಡು ಸಾಲು. ಬೋರ್ಡುಗಳಲ್ಲಿ ಹೆಚ್ಚಾಗಿ ಒಂದೇ ಸಾಲು. ಈ ಎರಡನ್ನೂ ಹೊಂದಿಸುವುದರಲ್ಲೇ ಇಡೀ ಕೆಲಸದ ಮುಕ್ಕಾಲು ಪಾಲು ಇದೆ.

ಸಾಮಾನು ತರಲು

ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಲ್ಯಾಮಿಂಗ್ಟನ್ ರೋಡ್. ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಾಗಿ ಎಷ್ಟೋ ಕಾಲವಾದರೂ, 1903ರಿಂದ 1907ರವರೆಗೆ ಮುಂಬೈ ಗವರ್ನರ್ ಆಗಿದ್ದ ಲ್ಯಾಮಿಂಗ್ಟನ್ ಹೆಸರೇ ಬಾಯಲ್ಲಿ ಉಳಿದಿದೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಪುಣೆಯವರಿಗೆ ಬುಧವಾರ ಪೇಟೆಯ ತಪಕೀರ್ ಗಲ್ಲಿ ಇದೆ.

ಅಂಗಡಿಯಲ್ಲಿ ನಡೆಯುವ ಮಾತುಗಳು ಇವು: ಒತ್ತುವ ಕನೆಕ್ಟರ್‌ಗೆ ‘ಎಫ್‌ಆರ್‌ಸಿ ಫೀಮೇಲ್’, ಅದು ಹೋಗಿ ಕೂರುವ ಗೋಡೆಯಿರುವ ಪಿನ್ ಕಟ್ಟಿಗೆ ‘ಬಾಕ್ಸ್ ಹೆಡರ್’, ಬರಿಯ ಪಿನ್ ಪಟ್ಟಿಗೆ ‘ಬರ್ಗ್ ಸ್ಟ್ರಿಪ್’, ಬೀಗವಿರುವ ಬಿಳಿ ಪ್ಲಾಸ್ಟಿಕ್ ಕನೆಕ್ಟರ್‌ಗೆ ‘ರೆಲಿಮೇಟ್’. ಹತ್ತು, ಹದಿನಾರು, ಮೂವತ್ತನಾಲ್ಕು ಎಂದು ಪಿನ್ ಸಂಖ್ಯೆ ಹೇಳಿದರೆ ಹಿಂದಿ ಬಾರದಿದ್ದರೂ ಸಾಮಾನು ಕೈಗೆ ಬರುತ್ತದೆ. ಕೇಬಲ್ ಅಳತೆಯ ಮೇಲೆ ಕತ್ತರಿಸಿ ಕೊಡುತ್ತಾರೆ. ಕನೆಕ್ಟರ್‌ಗಳನ್ನು ಬೇಕಾದುದಕ್ಕಿಂತ ಎರಡು ಹೆಚ್ಚು ತನ್ನಿ. ಒಮ್ಮೆ ಒತ್ತಿದ್ದನ್ನು ಬಿಚ್ಚಿ ಮತ್ತೆ ಒತ್ತುವ ಹಾಗಿಲ್ಲ. ಕಡ್ಡಾಯವಾಗಿ ಬೇಕಾದ ಉಪಕರಣ ಒಂದೇ: ಸಂಪರ್ಕವಿದ್ದರೆ ಸದ್ದು ಮಾಡುವ ಬಜರ್ ಇರುವ ಮಲ್ಟಿಮೀಟರ್. ಸಣ್ಣ ವೈಸ್ (ತಿರುಪು ಬಿಗಿದು ವಸ್ತುವನ್ನು ಹಿಡಿಯುವ ದವಡೆ) ಇದ್ದರೆ ಬಹಳ ಅನುಕೂಲ.

ಎಫ್‌ಆರ್‌ಸಿ ಒತ್ತುವ ಕ್ರಮ

ಕನೆಕ್ಟರ್‌ನ ಮುಚ್ಚಳ ತೆಗೆದು ಒಳಗೆ ನೋಡಿ. ಪ್ರತಿ ತಂತಿಗೂ ಕವಲೊಡೆದ ಒಂದು ಲೋಹದ ಹಲ್ಲು ಮೇಲಕ್ಕೆ ನಿಂತಿದೆ. ಕವಲಿನ ನಡುವಿನ ಸೀಳು ತಾಮ್ರದ ದಪ್ಪಕ್ಕಿಂತ ಕಿರಿದು. ಒತ್ತಿದಾಗ ಹಲ್ಲಿನ ಮೊನೆ ಪ್ಲಾಸ್ಟಿಕ್ ಹೊದಿಕೆಯನ್ನು ಸೀಳಿಕೊಂಡು ಇಳಿಯುತ್ತದೆ, ಸೀಳು ತಾಮ್ರವನ್ನು ಎರಡೂ ಕಡೆಯಿಂದ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಕಚ್ಚಿದ ಜಾಗಕ್ಕೆ ಗಾಳಿ ನುಗ್ಗದ ಕಾರಣ ಅಲ್ಲಿ ಕಿಲುಬು ಹಿಡಿಯುವುದಿಲ್ಲ. ಹೊದಿಕೆ ಸುಲಿಯುವ ಅಗತ್ಯವೇ ಇಲ್ಲ, ಸುಲಿದರೆ ಕೆಡುತ್ತದೆ.

1. ಕೇಬಲ್ ತುದಿಯನ್ನು ಉಕ್ಕಿನ ಅಳತೆಪಟ್ಟಿ ಇಟ್ಟು ಹರಿತ ಬ್ಲೇಡಿನಿಂದ ನೇರವಾಗಿ, ಅಂಚಿಗೆ ಲಂಬವಾಗಿ ಕತ್ತರಿಸಿ. ಮೊಂಡು ಕತ್ತರಿ ಬಳಸಿದರೆ ತಾಮ್ರದ ಎಳೆಗಳು ಹೊರಚಾಚಿ ಪಕ್ಕದ ತಂತಿಗೆ ತಾಗುತ್ತವೆ. ಅಗಲದ ಕೇಬಲ್‌ನಿಂದ ಹತ್ತು ತಂತಿ ಬೇಕಿದ್ದರೆ, ಎರಡು ತಂತಿಗಳ ನಡುವಿನ ತಗ್ಗಿನಲ್ಲಿ ಬ್ಲೇಡಿನಿಂದ ಸಣ್ಣ ಗೀರು ಹಾಕಿ ಕೈಯಿಂದ ಎಳೆಯಿರಿ, ನೀಟಾಗಿ ಸೀಳುತ್ತದೆ.

2. ಕನೆಕ್ಟರ್‌ನ ಬದಿಯಲ್ಲಿ ಒಂದು ಪುಟ್ಟ ತ್ರಿಕೋನ ಇರುತ್ತದೆ. ಅದು ಒಂದನೆಯ ಪಿನ್. ಕೇಬಲ್‌ನ ಕೆಂಪು ಗೆರೆ ತ್ರಿಕೋನದ ಕಡೆಗೇ ಬರಬೇಕು. ಇನ್ನೊಂದು ತುದಿಯಲ್ಲಿಯೂ ಹಾಗೆಯೇ. ಎರಡೂ ಕನೆಕ್ಟರ್‌ಗಳ ರಂಧ್ರಗಳು ಕೇಬಲ್‌ನ ಯಾವ ಮುಖಕ್ಕೆ ಬರಬೇಕೆಂಬುದನ್ನು ಒತ್ತುವ ಮೊದಲೇ ಬೋರ್ಡಿನ ಮೇಲೆ ಇಟ್ಟು ನೋಡಿ ನಿರ್ಧರಿಸಿ, ಪೆನ್ನಿನಿಂದ ಗುರುತು ಮಾಡಿ.

3. ಕೇಬಲನ್ನು ಮುಚ್ಚಳ ಮತ್ತು ಹಲ್ಲುಗಳ ನಡುವೆ ತೂರಿಸಿ. ಕೇಬಲ್‌ನ ಮೇಲ್ಮೈಯಲ್ಲಿರುವ ಉಬ್ಬುಗಳು ಮುಚ್ಚಳದ ಒಳಗಿನ ತೋಡುಗಳಲ್ಲಿ ಕೂರಬೇಕು. ಬೆರಳಿನಿಂದ ಎಡಬಲಕ್ಕೆ ಮೆಲ್ಲಗೆ ಅಲ್ಲಾಡಿಸಿದರೆ ಕೂತದ್ದು ತಿಳಿಯುತ್ತದೆ. ಅರ್ಧ ತಂತಿಯಷ್ಟು ಜರುಗಿದ್ದರೂ ಹಲ್ಲು ಎರಡು ತಂತಿಗಳ ನಡುವೆ ಇಳಿದು ಎಲ್ಲವೂ ಕೆಡುತ್ತದೆ. ಈ ಹಂತದಲ್ಲಿ ಅವಸರ ಬೇಡವೇ ಬೇಡ.

4. ವೈಸಿನ ದವಡೆಗಳಿಗೆ ಎರಡು ತೆಳು ಮರದ ತುಂಡುಗಳನ್ನು ಇಟ್ಟು, ನಡುವೆ ಕನೆಕ್ಟರ್ ನೇರವಾಗಿ ಹಿಡಿದು ನಿಧಾನವಾಗಿ ಬಿಗಿ ಮಾಡಿ. ಎರಡೂ ತುದಿಯ ಕೊಕ್ಕೆಗಳು ಕ್ಲಿಕ್ ಎಂದ ಮೇಲೆ ನಿಲ್ಲಿಸಿ. ವೈಸ್ ಇಲ್ಲದಿದ್ದರೆ ಸಿ-ಕ್ಲಾಂಪ್ ಮತ್ತು ಎರಡು ಪ್ಲೈವುಡ್ ತುಂಡು ಸಾಕು. ಇಕ್ಕಳ ಮಾತ್ರ ಬೇಡ. ಅದು ಹಿಡಿದ ಜಾಗವನ್ನಷ್ಟೇ ಒತ್ತುತ್ತದೆ. ನಡು ಕೂತು ಅಂಚು ಎದ್ದಿರುತ್ತದೆ, ಅಥವಾ ಮುಚ್ಚಳ ಬಿರುಕು ಬಿಡುತ್ತದೆ.

5. ಬೆಳಕಿಗೆ ಹಿಡಿದು ಮುಚ್ಚಳದ ಕೆಳಗಿನ ಸಂದು ಈ ತುದಿಯಿಂದ ಆ ತುದಿಗೆ ಸಮನಾಗಿದೆಯೇ ನೋಡಿ. ಒಂದು ಕಡೆ ಎದ್ದಿದ್ದರೆ ಮತ್ತೆ ವೈಸಿನಲ್ಲಿ ಇಟ್ಟು ಆ ಕಡೆ ಒತ್ತಿ.

6. ಕೇಬಲನ್ನು ಮುಚ್ಚಳದ ಮೇಲೆ ಹಿಂದಕ್ಕೆ ಮಡಚಿ, ಮೂರನೆಯ ತುಂಡಾಗಿ ಬರುವ ಪಟ್ಟಿಯನ್ನು ಅದರ ಮೇಲೆ ಸಿಕ್ಕಿಸಿ. ಕೇಬಲ್ ಜಗ್ಗಿದರೂ ಜಗ್ಗು ಹಲ್ಲುಗಳಿಗೆ ತಲುಪದಂತೆ ಕಾಯುವುದು ಈ ಪಟ್ಟಿ. ಅನೇಕರು ಇದನ್ನು ಹೆಚ್ಚುವರಿ ಎಂದು ಎಸೆಯುತ್ತಾರೆ. ಎಸೆಯಬೇಡಿ.

ಒತ್ತಿದ ಎಫ್‌ಆರ್‌ಸಿಯನ್ನು ಬೋರ್ಡಿಗೆ ಸೇರಿಸುವುದು

ತಂತಿಗಳ ಕ್ರಮ ತಿಳಿದಿರಬೇಕು. ಒಂದನೆಯ ತಂತಿ ಒಂದು ಸಾಲಿಗೆ, ಎರಡನೆಯದು ಎದುರಿನ ಸಾಲಿಗೆ, ಮೂರನೆಯದು ಮತ್ತೆ ಮೊದಲ ಸಾಲಿಗೆ. ಅಂದರೆ ಒಂದು ಸಾಲಿನಲ್ಲಿ ಬೆಸ ಸಂಖ್ಯೆಯ ತಂತಿಗಳೆಲ್ಲ, ಇನ್ನೊಂದರಲ್ಲಿ ಸಮ ಸಂಖ್ಯೆಯವು. ಇದರಿಂದ ಒಂದು ದೊಡ್ಡ ಲಾಭವಿದೆ. ಸಂಕೇತಗಳನ್ನೆಲ್ಲ ಬೆಸ ಸಾಲಿಗೆ ಕೊಟ್ಟು ಸಮ ಸಾಲನ್ನು ಗ್ರೌಂಡ್‌ಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟ್‌ಗೆ) ಸೇರಿಸಿದರೆ, ಕೇಬಲ್‌ನ ಉದ್ದಕ್ಕೂ ಎರಡೆರಡು ಸಂಕೇತಗಳ ನಡುವೆ ಒಂದು ಗ್ರೌಂಡ್ ತಂತಿ ತಾನಾಗಿಯೇ ಬಂದು ನಿಲ್ಲುತ್ತದೆ. ಒಂದರ ಗದ್ದಲ ಇನ್ನೊಂದಕ್ಕೆ ಹಾಯುವುದು ಬಹಳ ಕಡಿಮೆಯಾಗುತ್ತದೆ. ನನ್ನ ಎಲ್ಲ ಕೇಬಲ್‌ಗಳೂ ಹೀಗೆಯೇ.

ಅತಿ ಸರಳ ದಾರಿ ಜಂಪರ್ ತಂತಿ. ಎಫ್‌ಆರ್‌ಸಿ ಫೀಮೇಲ್‌ನ ರಂಧ್ರಕ್ಕೆ ಜಂಪರಿನ ಪಿನ್ ತುದಿ ಸರಿಯಾಗಿ ಹೋಗುತ್ತದೆ. ಊನೊಗೆ ಎರಡೂ ಕಡೆ ಪಿನ್ ಇರುವ ಜಂಪರ್, ಇಎಸ್‌ಪಿ32 ಅಥವಾ ಪಿಕೊ ಎಚ್‌ಗೆ ಒಂದು ಕಡೆ ಪಿನ್, ಇನ್ನೊಂದು ಕಡೆ ರಂಧ್ರ ಇರುವ ಜಂಪರ್. ಗಣೇಶೋತ್ಸವಕ್ಕೆ ಅಕ್ಷರ ಓಡಿಸುವ ಪಿ10 ಎಲ್‌ಇಡಿ ಫಲಕ ಕೊಂಡವರಿಗೆ ಇದು ನೇರವಾಗಿ ಬಳಕೆಗೆ ಬರುತ್ತದೆ. ಒಂದೇ ಬಣ್ಣದ ಆ ಫಲಕಕ್ಕೆ ಹದಿನಾರು ಪಿನ್ ಎಫ್‌ಆರ್‌ಸಿ ಬೇಕು. ಬೋರ್ಡಿನಿಂದ ಹೋಗಬೇಕಾದದ್ದು ಆರು ಸಂಕೇತ ಮತ್ತು ಗ್ರೌಂಡ್ ಮಾತ್ರ. ಫಲಕಕ್ಕೆ ವಿದ್ಯುತ್ತನ್ನು ಪ್ರತ್ಯೇಕ ದಪ್ಪ ತಂತಿಯಲ್ಲಿಯೇ ಕೊಡಬೇಕು.

ಮೆಗಾ ಇರುವವರಿಗೆ ಇನ್ನೂ ಗಟ್ಟಿಯಾದ ಉಪಾಯವಿದೆ. ಎರಡೂ ಕಡೆ ಉದ್ದ ಪಿನ್ ಇರುವ, ಎರಡು ಸಾಲಿನ ಬರ್ಗ್ ಸ್ಟ್ರಿಪ್ ಕೇಳಿ ತನ್ನಿ. ಸಾಮಾನ್ಯ ಸ್ಟ್ರಿಪ್ಪಿನ ಒಂದು ಕಡೆಯ ಪಿನ್ ಗಿಡ್ಡ, ಅದು ಹಿಡಿದುಕೊಳ್ಳುವುದಿಲ್ಲ. ಅದರ ಒಂದು ಮುಖವನ್ನು 34 ಪಿನ್ ಎಫ್‌ಆರ್‌ಸಿಗೆ, ಇನ್ನೊಂದನ್ನು ಮೆಗಾದ ಎರಡು ಸಾಲಿಗೆ ಚುಚ್ಚಿ. ಅಲ್ಲಿರುವ 36 ರಂಧ್ರಗಳಲ್ಲಿ ಒಂದು ತುದಿಯ ಎರಡು 5 ವೋಲ್ಟ್, ಇನ್ನೊಂದು ತುದಿಯ ಎರಡು ಗ್ರೌಂಡ್. 5 ವೋಲ್ಟ್ ಜೋಡಿಯನ್ನು ಖಾಲಿ ಬಿಟ್ಟು ಕೂರಿಸಿದರೆ 22ರಿಂದ 53ರವರೆಗಿನ ಮೂವತ್ತೆರಡು ಪಿನ್ ಮತ್ತು ಎರಡು ಗ್ರೌಂಡ್, ಒಟ್ಟು ಮೂವತ್ತನಾಲ್ಕು, ಲೆಕ್ಕ ಸರಿಹೋಗುತ್ತದೆ. ಕೇಬಲ್‌ನ ಆಚೆ ತುದಿ ಎಲ್ಲಿಗಾದರೂ ತಾಗಿದರೂ 5 ವೋಲ್ಟ್ ಶಾರ್ಟ್ ಆಗುವ ಭಯವಿಲ್ಲ.

ತಂತಿ ಚುಚ್ಚಿ ಪ್ರಯೋಗ ಮಾಡುವ ರಂಧ್ರಗಳ ಹಲಗೆಯಾದ ಬ್ರೆಡ್‌ಬೋರ್ಡಿಗೆ ಎರಡು ಸಾಲಿನ ಬರ್ಗ್ ಸ್ಟ್ರಿಪ್ ಚುಚ್ಚುವ ಆಸೆ ಹಲವರಿಗೆ ಬರುತ್ತದೆ. ಒಂದೇ ಕಡೆ ಚುಚ್ಚಿದರೆ ಎದುರುಬದುರಿನ ಪಿನ್‌ಗಳು ಬ್ರೆಡ್‌ಬೋರ್ಡಿನ ಒಂದೇ ಐದು ರಂಧ್ರಗಳ ಗುಂಪಿಗೆ ಬಿದ್ದು ಜೋಡಿಜೋಡಿಯಾಗಿ ಶಾರ್ಟ್ ಆಗುತ್ತವೆ. ಇದಕ್ಕೆಂದೇ ಎಫ್‌ಆರ್‌ಸಿ ಡಿಪ್ ಪ್ಲಗ್ ಇದೆ. ಒತ್ತುವ ಕ್ರಮ ಅದೇ. ಆದರೆ ಕೆಳಗೆ ಐಸಿಯಂತೆ 7.62 ಮಿ.ಮೀ. ಅಂತರದ ಎರಡು ಸಾಲು ಕಾಲುಗಳಿರುತ್ತವೆ. ಬ್ರೆಡ್‌ಬೋರ್ಡಿನ ನಡುವಣ ಕಾಲುವೆಯ ಮೇಲೆ ಅದು ಸರಿಯಾಗಿ ಕೂರುತ್ತದೆ. ಪಕ್ಕದಲ್ಲಿ ಪಿಕೊ ಎಚ್ ಕೂರಿಸಿದರೆ ಉಳಿದದ್ದು ನಾಲ್ಕಾರು ಜಂಪರ್ ಅಷ್ಟೆ.

ಶಾಶ್ವತವಾಗಿ ಗೋಡೆಗೆ ತಗುಲಿಸುವ ಕೆಲಸವಾದರೆ, ಒಂದು ಕಡೆ ಬಾಕ್ಸ್ ಹೆಡರ್, ಇನ್ನೊಂದು ಕಡೆ ತಿರುಪು ಬಿಗಿದು ತಂತಿ ಹಿಡಿಸುವ ಸ್ಕ್ರೂ ಟರ್ಮಿನಲ್ ಇರುವ ಸಿದ್ಧ ಬೋರ್ಡು ಕೊಳ್ಳಿ. ಎಲ್ಲ ಬೆಸುಗೆಯನ್ನು ಕಾರ್ಖಾನೆಯಲ್ಲಿಯೇ ಮಾಡಿರುತ್ತಾರೆ.

ಹಳೆಯ ಕಂಪ್ಯೂಟರಿನ ಕೇಬಲ್ ಬಗ್ಗೆ ಎಚ್ಚರ

ರದ್ದಿ ಅಂಗಡಿಯಲ್ಲಿ ಸಿಗುವ ನಲವತ್ತು ಪಿನ್ ಹಾರ್ಡ್‌ಡಿಸ್ಕ್ ಕೇಬಲನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ನಲವತ್ತು ಪಿನ್‌ಗಳಿಗೆ ಚುಚ್ಚುವ ಅಭ್ಯಾಸವಿದೆ. ಕೇಬಲ್‌ನಲ್ಲಿ ಎಷ್ಟು ತಂತಿಗಳಿವೆ ಎಂದು ಎಣಿಸದೆ ಹಾಗೆ ಮಾಡಬೇಡಿ. ಅಗಲ ಒಂದೇ ಆಗಿದ್ದರೂ ತಂತಿಗಳು ತೀರ ಸಣ್ಣಗೆ ಒತ್ತೊತ್ತಾಗಿ ಇದ್ದರೆ ಅದು ಎಂಬತ್ತು ತಂತಿಯದು. ಅದರ ಕನೆಕ್ಟರ್ ಒಳಗೆ ಹಾರ್ಡ್‌ಡಿಸ್ಕಿನ ಗ್ರೌಂಡ್ ಪಿನ್‌ಗಳಾದ 2, 19, 22, 24, 26, 30, 40 ಒಂದಕ್ಕೊಂದು ಸೇರಿರುತ್ತವೆ. ಪೈಯಲ್ಲಿ 2ನೆಯ ಪಿನ್ 5 ವೋಲ್ಟ್, 30ನೆಯದು ಗ್ರೌಂಡ್. ಚುಚ್ಚಿದ ಕ್ಷಣವೇ ವಿದ್ಯುತ್ ಶಾರ್ಟ್. ಹಳೆಯ ನಲವತ್ತು ತಂತಿಯ ಕೇಬಲ್ ಆದರೆ ನಡೆಯುತ್ತದೆ. ಕೆಲವದರಲ್ಲಿ 20ನೆಯ ರಂಧ್ರ ಮುಚ್ಚಿರುತ್ತದೆ, ಅಂಥದ್ದು ಪೈಗೆ ಹೋಗುವುದಿಲ್ಲ.

ಜಂಪರ್ ರಿಬ್ಬನ್‌ನಿಂದ ಗಟ್ಟಿ ಕನೆಕ್ಟರ್

ಒಂಟಿ ಜಂಪರ್‌ಗಳು ಕಳಚುವುದು ಅವು ಒಂಟಿಯಾಗಿರುವುದರಿಂದ. ಎಂಟು ಒಟ್ಟಿಗೆ ಒಂದೇ ಕವಚದಲ್ಲಿದ್ದರೆ ಕಳಚುವುದಿಲ್ಲ. ಇದಕ್ಕೆ ಎಂಟು ಕೋಣೆಯ ಖಾಲಿ ಕವಚ ತನ್ನಿ. ಜಂಪರಿನ ಒಂಟಿ ಕವಚದ ಒಂದು ಮುಖದಲ್ಲಿ ಪುಟ್ಟ ಕಿಟಕಿ, ಅದರಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ನಾಲಿಗೆ ಕಾಣುತ್ತದೆ. ಸೂಜಿಯ ಮೊನೆಯಿಂದ ನಾಲಿಗೆಯನ್ನು ಕೂದಲೆಳೆಯಷ್ಟು ಮೇಲೆತ್ತಿ, ತಂತಿಯನ್ನು ಹಿಂದಕ್ಕೆ ಎಳೆಯಿರಿ. ಲೋಹದ ತುದಿ ಜಾರಿ ಹೊರಬರುತ್ತದೆ. ಬರದಿದ್ದರೆ ಜೋರು ಮಾಡಬೇಡಿ, ನಾಲಿಗೆ ಇನ್ನೂ ಸಿಕ್ಕಿಕೊಂಡಿದೆ ಎಂದರ್ಥ. ಹೊರಬಂದದ್ದನ್ನು ಹೊಸ ಕವಚದ ಕೋಣೆಗೆ ಅದೇ ಮುಖವಾಗಿ ತಳ್ಳಿದರೆ ನಾಲಿಗೆ ಟಿಕ್ ಎಂದು ಹಿಡಿದುಕೊಳ್ಳುತ್ತದೆ. ರಿಬ್ಬನ್ ಸುಲಿಯದೆ ಇಟ್ಟರೆ ಬಣ್ಣದ ಕ್ರಮವೂ ಉಳಿಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಶಾಲಾ ಮಕ್ಕಳಿಗೆ ಮೊದಲು ಕಲಿಸಬೇಕಾದ ಕೆಲಸ ಇದೇ. ಸೂಜಿ ಬಿಟ್ಟರೆ ಯಾವ ಉಪಕರಣವೂ ಬೇಡ, ಫಲ ಮಾತ್ರ ಕಾರ್ಖಾನೆಯದರಂತೆ.

ಮೂರು ಪಿನ್‌ಗೂ ಎಂಟು ಪಿನ್‌ಗೂ ಈ ಕವಚಕ್ಕೆ ದಿಕ್ಕು ತೋರಿಸುವ ಗುರುತು ಸ್ಪಷ್ಟವಾಗಿರುವುದಿಲ್ಲ. ಒಂದನೆಯ ಪಿನ್ನಿನ ಬದಿಗೆ ಬಿಳಿ ನೈಲ್ ಪಾಲಿಶ್ ಚುಕ್ಕೆ ಇಡಿ. ಬೋರ್ಡಿನಲ್ಲಿಯೂ ಅದರ ಎದುರಿಗೆ ಒಂದು ಚುಕ್ಕೆ.

ಕ್ರಿಂಪ್ ಮಾಡುವುದು

ಬೇಕಾದ ಉದ್ದದ ಕೇಬಲ್ ತಾವೇ ಮಾಡಿಕೊಳ್ಳುವವರಿಗೆ, ಲೋಹದ ತುದಿಯನ್ನು ತಂತಿಗೆ ಒತ್ತಿ ಬಿಗಿಸುವ ಕ್ರಿಂಪ್ ಇಕ್ಕಳ ಬೇಕಾಗುತ್ತದೆ. ಲೋಹದ ತುದಿಯಲ್ಲಿ ಎರಡು ಜೋಡಿ ರೆಕ್ಕೆಗಳಿವೆ: ಮುಂದಿನ ಜೋಡಿ ಬರಿಯ ತಾಮ್ರವನ್ನು, ಹಿಂದಿನದು ಪ್ಲಾಸ್ಟಿಕ್ ಹೊದಿಕೆಯನ್ನು ತಬ್ಬಬೇಕು. ತಂತಿಯನ್ನು ಸುಮಾರು 2 ಮಿ.ಮೀ. ಮಾತ್ರ ಸುಲಿಯಿರಿ. ಸಾಮಾನ್ಯ ತುದಿಗಳು 22ರಿಂದ 28 ಗೇಜ್‌ವರೆಗಿನ ತಂತಿಗೆ ಆಗುವಂಥವು, ಎಂದರೆ ನಮ್ಮ ರಿಬ್ಬನ್ ತಂತಿ ತೀರಾ ಕೊನೆಯ ಅಂಚಿನಲ್ಲಿದೆ. ಹಾಗಾಗಿ ಪ್ರತಿಯೊಂದನ್ನೂ ಎಳೆದು ನೋಡಲೇಬೇಕು. ಮೆಲ್ಲಗೆ ಎಳೆದಾಗ ಜಾರಿದರೆ ಅದನ್ನು ಕತ್ತರಿಸಿ ಎಸೆದು ಹೊಸದನ್ನು ಹಾಕಿ.

ಸ್ಕ್ರೂ ಟರ್ಮಿನಲ್ ಮತ್ತು ಸನ್ನೆ (ಲಿವರ್) ಕನೆಕ್ಟರ್

ಊನೊ, ನ್ಯಾನೊ, ಇಎಸ್‌ಪಿ32 ಬೋರ್ಡುಗಳನ್ನು ಕೂರಿಸಲು ಸ್ಕ್ರೂ ಟರ್ಮಿನಲ್ ಇರುವ ಸಿದ್ಧ ಬೋರ್ಡುಗಳು ಸಿಗುತ್ತವೆ. ರಿಬ್ಬನ್ ತಂತಿಗೆ ಇವು ಅಷ್ಟೇನೂ ಹೊಂದುವುದಿಲ್ಲ. 28 ಗೇಜ್ ಎಂದರೆ ಕೇವಲ 0.08 ಚದರ ಮಿ.ಮೀ. ತಾಮ್ರ, ಸ್ಕ್ರೂ ತಿರುಗುವಾಗ ಏಳರಲ್ಲಿ ಮೂರು ಎಳೆ ತುಂಡಾದರೆ ಆಶ್ಚರ್ಯವಿಲ್ಲ. 8 ಮಿ.ಮೀ. ಸುಲಿದು, ತಿರುಚಿ, ಹಿಂದಕ್ಕೆ ಮಡಚಿ ದಪ್ಪ ಮಾಡಿ ಹಾಕಿ. ಸನ್ನೆ ಎತ್ತಿ ತಂತಿ ಸೇರಿಸುವ ವ್ಯಾಗೊ 221 ಬಹಳ ಒಳ್ಳೆಯ ವಸ್ತು. ಆದರೆ ಬಹು ಎಳೆಯ ತಂತಿಗೆ ಅದರ ಕನಿಷ್ಠ ಮಿತಿ 0.14 ಚದರ ಮಿ.ಮೀ. ಒಂಟಿ ರಿಬ್ಬನ್ ತಂತಿ ಅದಕ್ಕಿಂತ ಸಣ್ಣದು. ಗ್ರೌಂಡ್‌ಗೆಂದು ಎರಡು ತಂತಿ ಒಟ್ಟಿಗೆ ತಿರುಚಿ ಹಾಕುವುದಾದರೆ ಮಿತಿಯೊಳಗೆ ಬರುತ್ತದೆ.

ತೆಳು ಎಫ್‌ಎಫ್‌ಸಿ ಮತ್ತು ಕೀಪ್ಯಾಡ್

ಪೈ ಕ್ಯಾಮೆರಾದ ಕೇಬಲ್ ಹಳೆಯ ಬೋರ್ಡುಗಳಲ್ಲಿ 15 ಪಿನ್, 1 ಮಿ.ಮೀ. ಅಂತರ; ಪೈ ಝೀರೊ ಮತ್ತು ಪೈ 5ರಲ್ಲಿ 22 ಪಿನ್, 0.5 ಮಿ.ಮೀ. ಇಎಸ್‌ಪಿ32 ಕ್ಯಾಮ್‌ನದು 24 ಪಿನ್, 0.5 ಮಿ.ಮೀ. ಕನೆಕ್ಟರ್‌ನ ಕಪ್ಪು ಅಥವಾ ಕಂದು ಬೀಗವನ್ನು ಉಗುರಿನಿಂದ ಎತ್ತಿ (ಕೆಲವದರಲ್ಲಿ ಹೊರಗೆ ಎಳೆದು), ಕೇಬಲನ್ನು ತಳದವರೆಗೆ ನೇರವಾಗಿ ಸೇರಿಸಿ, ಬೀಗವನ್ನು ಎರಡೂ ಬದಿಯಿಂದ ಒಟ್ಟಿಗೆ ಒತ್ತಿ. ತಾಮ್ರದ ಮುಖ ಕನೆಕ್ಟರ್ ಒಳಗಿನ ಹಲ್ಲುಗಳ ಕಡೆಗೆ ಇರಬೇಕು. ಕೊಳ್ಳುವಾಗ ಎರಡೂ ತುದಿಯ ತಾಮ್ರ ಒಂದೇ ಮುಖದಲ್ಲಿದೆಯೇ, ವಿರುದ್ಧ ಮುಖಗಳಲ್ಲಿದೆಯೇ ಎಂದು ನೋಡಿ. ಅಂಗಡಿಯಲ್ಲಿ ಎರಡೂ ಇರುತ್ತವೆ.

ನಾಲ್ಕು ಸಾಲು ನಾಲ್ಕು ಕಾಲಂನ ತೆಳು ಕೀಪ್ಯಾಡ್ ಮಕ್ಕಳ ಪ್ರಿಯ ವಸ್ತು. ನನ್ನ ಅಕ್ಕನ ಮಗಳು ಒಂದು ದಿನ ಕೇಳಿದಳು: “ಮಾವ, ಎಂಟು ತಂತಿಯೂ ಸರಿಯಾಗಿದೆ, ಎರಡು ಕಾಲಂ ಮಾತ್ರ ಒತ್ತಿದರೆ ಏನೂ ಬರುವುದಿಲ್ಲ, ಏಕೆ?” ಕೀಪ್ಯಾಡ್‌ನ ಎಂಟು ರಂಧ್ರಗಳಿಗೆ ಎಂಟು ಪಿನ್ನಿನ ಬರ್ಗ್ ಸ್ಟ್ರಿಪ್ ಹಾಕಿ, ಅದನ್ನು ಊನೊದ 2ರಿಂದ 9ರವರೆಗೆ ಚುಚ್ಚಿದ್ದಳು. ಆರು ಪಿನ್ ಒಳಗೆ ಹೋಗಿದ್ದವು. 7 ಮತ್ತು 8ರ ನಡುವಿನ ಆ ಹೆಚ್ಚುವರಿ ಅಂತರದಿಂದಾಗಿ ಕೊನೆಯ ಎರಡು ರಂಧ್ರಕ್ಕೆ ಸಿಗದೆ ಪ್ಲಾಸ್ಟಿಕ್ ಮೇಲೆ ಬಾಗಿ ಮಲಗಿದ್ದವು. ಸ್ಟ್ರಿಪ್ ತೆಗೆದು, ಸುಲಿಯದ ಎಂಟು ಜಂಪರ್‌ಗಳ ರಿಬ್ಬನ್ ಹಾಕಿದೆವು. ಆರು ಒಂದು ಕಡೆ, ಎರಡು ಇನ್ನೊಂದು ಕಡೆ. ಹದಿನಾರು ಕೀಲಿಗಳೂ ಮಾತಾಡಿದವು.

ವಿದ್ಯುತ್ ಕೊಡುವ ಮೊದಲು

ಮಲ್ಟಿಮೀಟರನ್ನು ಬಜರ್‌ಗೆ ತಿರುಗಿಸಿ. ಅದರ ದಪ್ಪ ಮೊನೆಗಳನ್ನು ಎಫ್‌ಆರ್‌ಸಿ ರಂಧ್ರದೊಳಗೆ ತುರುಕಬೇಡಿ, ಒಳಗಿನ ಹಿಡಿತ ಸಡಿಲವಾಗುತ್ತದೆ. ಎರಡೂ ತುದಿಗೆ ಬರ್ಗ್ ಸ್ಟ್ರಿಪ್ ಚುಚ್ಚಿ, ಹೊರಬಂದ ಪಿನ್‌ಗಳನ್ನು ಮುಟ್ಟಿ ನೋಡಿ. ಪರೀಕ್ಷೆ ಎರಡು. ಒಂದನೆಯದರಿಂದ ಒಂದನೆಯದಕ್ಕೆ, ಎರಡನೆಯದರಿಂದ ಎರಡನೆಯದಕ್ಕೆ ಬಜರ್ ಮೊಳಗಬೇಕು. ಆಮೇಲೆ ಕೇಬಲ್‌ನಲ್ಲಿ ಅಕ್ಕಪಕ್ಕ ಇರುವ ಪ್ರತಿ ಎರಡು ತಂತಿಗಳ ನಡುವೆ ಬಜರ್ ಮೊಳಗಬಾರದು. ಅಕ್ಕಪಕ್ಕದ ತಂತಿಗಳು ಕನೆಕ್ಟರ್‌ನಲ್ಲಿ ಎದುರುಬದುರು ಸಾಲಿನಲ್ಲಿರುತ್ತವೆ ಎಂಬುದನ್ನು ಮರೆಯಬೇಡಿ. ಎರಡನೆಯ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಬೋರ್ಡು ಸುಡುವುದು ಮಾತ್ರ ಅದರಿಂದಲೇ. ಪರೀಕ್ಷಿಸುವಾಗ ಇನ್ನೊಬ್ಬರಿಂದ ಕೇಬಲನ್ನು ಅತ್ತಿತ್ತ ಬಾಗಿಸಿ. ಬಜರ್ ಕಡಿದು ಕಡಿದು ಬಂದರೆ ಆ ಹಲ್ಲು ತಾಮ್ರವನ್ನು ಪೂರ್ತಿ ಕಚ್ಚಿಲ್ಲ.

28 ಗೇಜ್ ತಂತಿಯ ತಡೆ ಮೀಟರಿಗೆ ಸುಮಾರು 0.22 ಓಮ್. ಒಂದು ಮೀಟರ್ ಕೇಬಲ್‌ನಲ್ಲಿ ಅರ್ಧ ಆಂಪಿಯರ್ ಹೋಗಿ ಬಂದರೆ ಸುಮಾರು 0.22 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. ಸೆನ್ಸರ್‌ಗೆ ತೊಂದರೆಯಿಲ್ಲ, ಮೋಟಾರಿಗೆ ಇದೆ. ವಿದ್ಯುತ್‌ಗೆ ಎರಡು ಮೂರು ತಂತಿಗಳನ್ನು ಸಮಾಂತರವಾಗಿ ಬಳಸಿ. ಬಣ್ಣ ಬದಲಿಸುವ ಡಬ್ಲ್ಯೂಎಸ್2812 ಎಲ್‌ಇಡಿ ಪೂರ್ತಿ ಬಿಳಿ ಬೆಳಗಿದಾಗ ಒಂದೊಂದೂ ಸುಮಾರು 60 ಮಿಲಿಆಂಪಿಯರ್ ಎಳೆಯಬಲ್ಲದು. ಅರವತ್ತರ ಪಟ್ಟಿಗೆ 3.6 ಆಂಪಿಯರ್. ಅಲ್ಲಿ ರಿಬ್ಬನ್‌ನಲ್ಲಿ ಸಂಕೇತ ಮತ್ತು ಅದರ ಗ್ರೌಂಡ್ ಮಾತ್ರ ಹೋಗಲಿ.

ಎರಡು ತಂತಿಯಲ್ಲಿ ಸೆನ್ಸರ್‌ಗಳೊಂದಿಗೆ ಮಾತಾಡುವ ಐ2ಸಿ ಬಳಸುವಾಗ ಎಸ್‌ಡಿಎ (ಮಾಹಿತಿ) ಮತ್ತು ಎಸ್‌ಸಿಎಲ್ (ಕ್ಲಾಕ್) ತಂತಿಗಳನ್ನು ಅಕ್ಕಪಕ್ಕ ಇಡಬೇಡಿ, ನಡುವೆ ಗ್ರೌಂಡ್ ಇರಲಿ. ಅರ್ಧ ಮೀಟರ್ ಒಳಗೆ ಮುಗಿಸಿದರೆ ನೆಮ್ಮದಿ. ಇಎಸ್‌ಪಿ32 ಮತ್ತು ಪಿಕೊ 3.3 ವೋಲ್ಟ್ ಬೋರ್ಡುಗಳು. ಕೇಬಲ್ ತಲೆಕೆಳಗಾಗಿ ಕೂತು 5 ವೋಲ್ಟ್ ಯಾವುದೋ ಪಿನ್ನಿಗೆ ಹೋದರೆ ಆ ಪಿನ್ ಉಳಿಯುವ ಭರವಸೆ ಇಲ್ಲ. ಗೋಡೆ ಮತ್ತು ಖಾಲಿ ಕಿಂಡಿ ಇರುವ ಬಾಕ್ಸ್ ಹೆಡರ್ ತಲೆಕೆಳಗಾಗಿ ಕೂರಲು ಬಿಡುವುದಿಲ್ಲ ಎಂಬ ಒಂದೇ ಕಾರಣಕ್ಕೆ, ಸಾಧ್ಯವಾದಲ್ಲೆಲ್ಲ ಅದಿರುವ ಸಿದ್ಧ ಬೋರ್ಡನ್ನೇ ಆರಿಸುತ್ತೇನೆ.

ಮಳೆಗಾಲ ಮತ್ತು ನಿರ್ವಹಣೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನ ಗಾಳಿಯಲ್ಲಿ ನೀರೂ ಉಪ್ಪೂ ಇರುತ್ತದೆ. ಒತ್ತಿದ ಹಲ್ಲುಗಳಿಗೆ ಇದರಿಂದ ಅಷ್ಟು ಬಾಧೆಯಿಲ್ಲ. ಬಾಧೆ ಇರುವುದು ಚುಚ್ಚಿ ತೆಗೆಯುವ ಪಿನ್‌ಗಳಿಗೆ. ತವರ ಲೇಪಿಸಿದ ಅಗ್ಗದ ಜಂಪರ್ ಪಿನ್‌ಗಳು ಮಂಕಾಗಿ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ವಿದ್ಯುತ್ ಆರಿಸಿ, ಕನೆಕ್ಟರನ್ನು ಎರಡು ಮೂರು ಸಲ ತೆಗೆದು ಹಾಕಿದರೆ ಉಜ್ಜಿಕೊಂಡು ಸರಿಹೋಗುತ್ತದೆ. ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಒದ್ದೆ ಮಾಡಿದ ಬ್ರಷ್. ಕಿಟಕಿಯ ಪಕ್ಕ, ಟೆರೇಸಿನ ನೀರಿನ ಟ್ಯಾಂಕಿನ ಬಳಿ ಇಡುವ ಕೆಲಸಗಳಿಗೆ ಚಿನ್ನದ ಲೇಪವಿರುವ ಪಿನ್‌ಗಳನ್ನೇ ಕೊಳ್ಳಿ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಕನೆಕ್ಟರ್ ತೆಗೆಯುವಾಗ ಕೇಬಲ್ ಹಿಡಿದು ಎಳೆಯಬಾರದು; ಎರಡೂ ತುದಿಗಳನ್ನು ಬೆರಳಿನಲ್ಲಿ ಹಿಡಿದು ಒಂದಿಷ್ಟೊಂದಿಷ್ಟೇ ಮೇಲೆತ್ತಬೇಕು. ಒಂದು ತಂತಿ ಕೈಕೊಟ್ಟರೂ ಹಳೆಯ ಕನೆಕ್ಟರ್ ಬಿಚ್ಚಿ ಮತ್ತೆ ಒತ್ತಲು ಹೋಗಬೇಡಿ. ಒಮ್ಮೆ ಅಗಲವಾದ ಸೀಳು ಮತ್ತೆ ಅದೇ ಬಿಗಿಯಲ್ಲಿ ಕಚ್ಚುವುದಿಲ್ಲ. ಕನೆಕ್ಟರ್ ಸಮೇತ ತುದಿಯನ್ನು ಕತ್ತರಿಸಿ ತೆಗೆದು, ಹೊಸದನ್ನು ಒತ್ತಿ, ಬಜರ್ ಪರೀಕ್ಷೆಯನ್ನು ಎರಡೂ ಬಗೆಯಲ್ಲಿ ಇನ್ನೊಮ್ಮೆ ಮಾಡಿ. ಕೇಬಲ್ ಅಳೆಯುವಾಗ ಎರಡೂ ತುದಿಗೆ ನಾಲ್ಕು ಬೆರಳಿನಷ್ಟು ಹೆಚ್ಚು ಬಿಟ್ಟುಕೊಂಡಿದ್ದರೆ ಹೀಗೆ ಕತ್ತರಿಸಲು ಜಾಗ ಇರುತ್ತದೆ.